ಅಳೆಯುವ ಶಾಸ್ತ್ರ, ಕೇಳುವ ಶಾಸ್ತ್ರ

ಹೊಸದಾಗಿ ಕಾಲೇಜು ಮೇಷ್ಟ್ರಾಗಿ ಸೇರಿರುವ ಹುಡುಗ ಹುಡುಗಿಯರೇ, ನಿಮ್ಮ ನೇಮಕಾತಿ ಆದೇಶದಲ್ಲಿ 'ಬೋಧನೆ' ಅಂತ ಬರೆದಿರುತ್ತಾರೆ, ಅದನ್ನು ಪೂರ್ತಿ ನಂಬಬೇಡಿ. ನಾನು ಭೂಗೋಳ ಪಾಠ ಮಾಡಿದ್ದಕ್ಕಿಂತ ಭೂಗೋಳ ಯಾಕೆ ಬೇಕು ಅಂತ ವಾದ ಮಾಡಿದ್ದೇ ಹೆಚ್ಚು. ಸಂತೆಯಲ್ಲಿ ಮಾಡಿದೆ, ಬಸ್ ಸ್ಟ್ಯಾಂಡಿನಲ್ಲಿ ಮಾಡಿದೆ, ಬೀಗರ ಊಟದ ಪಂಕ್ತಿಯಲ್ಲಿ ಎಲೆ ಮುಂದೆ ಕೂತು ಮಾಡಿದೆ, ಕೊನೆಗೆ ಸರ್ಕಾರದ ಸಮಿತಿಯ ಮುಂದೆಯೂ ಮಾಡಿದೆ. ನಿವೃತ್ತನಾದ ಮೇಲೂ ಚಟ ಬಿಟ್ಟಿಲ್ಲ. ಯಾರಾದರೂ 'ಇಂಥ ವಿಷಯಕ್ಕೆಲ್ಲ ಸರ್ಕಾರ ಯಾಕೆ ದುಡ್ಡು ಸುರೀಬೇಕು?' ಅಂದರೆ ಸಾಕು, ಕೈಯಲ್ಲಿನ ಚಹಾ ಕೆಳಗಿಟ್ಟು ಎದ್ದು ನಿಲ್ಲುತ್ತೇನೆ. 'ಶುರುವಾತು ನೋಡ್ರಿ' ಅಂತ ನನ್ನ ಹೆಂಡತಿ ಒಳಗೆ ಹೋಗುತ್ತಾಳೆ.

ನಾನಿದ್ದದ್ದು ಹರಪನಹಳ್ಳಿ ಕಡೆಯ ಒಂದು ಅನುದಾನಿತ ಕಾಲೇಜು. ಹೆಸರು ಬರೆಯುವುದಿಲ್ಲ, ಈಗ ಇರುವವರಿಗೆ ಯಾಕೆ ಸುಮ್ಮನೆ ಮುಜುಗರ. ಅನುದಾನಿತ ಅಂದರೆ ಕಟ್ಟಡ, ಬೆಂಚು, ಗಂಟೆ ಎಲ್ಲ ಆಡಳಿತ ಮಂಡಳಿಯದು, ಸಂಬಳ ಮಾತ್ರ ಸರ್ಕಾರದ್ದು. ಸರ್ಕಾರ ಸಂಬಳ ಕೊಡಬೇಕಾದರೆ ತರಗತಿಯಲ್ಲಿ ತಲೆಗಳು ಕಾಣಬೇಕು. ವಾಣಿಜ್ಯದವರಿಗೆ ತಲೆಗಳು ತಾವಾಗಿಯೇ ಬರುತ್ತಿದ್ದವು. ನಮ್ಮಂಥವರು ಮಾತ್ರ ಬೇಸಿಗೆಯ ಬಿಸಿಲಿನಲ್ಲಿ ಊರೂರು ತಿರುಗಿ ಹುಡುಕಿ ತರಬೇಕಿತ್ತು. ಪಿಯುಸಿ ಫಲಿತಾಂಶ ಬಂತೆಂದರೆ ನಮಗೆ ಊಟ ನಿದ್ದೆ ಇರುತ್ತಿರಲಿಲ್ಲ.

ಈ ತಿರುಗಾಟದಲ್ಲಿ ನನ್ನ ಜೊತೆಗಾರ ಕೊಟ್ರೇಶ. ತತ್ವಶಾಸ್ತ್ರದ ಮೇಷ್ಟ್ರು, ಕೂಡ್ಲಿಗಿ ಕಡೆಯವನು, ನನ್ನ ಜೀವದ ಗೆಳೆಯ. ನನ್ನನ್ನು ಅವನು ಕರೆಯುತ್ತಿದ್ದದ್ದು 'ಲೇ ಭೂಗೋಳ' ಅಂತ. ಇಬ್ಬರಿಗೂ ಇದ್ದದ್ದು ಒಂದೇ ಸ್ಕೂಟರು, ಹಾಗಾಗಿ ಒಂದೇ ಊರಿಗೆ ಹೋಗಿ ಒಂದೇ ಹುಡುಗನಿಗೆ ಇಬ್ಬರೂ ಗಾಳ ಹಾಕುತ್ತಿದ್ದೆವು! ಸಿಕ್ಕವನು ಯಾರಿಗೆ ಅಂತ ಹಿಂದಿರುಗುವ ದಾರಿಯುದ್ದಕ್ಕೂ ಜಗಳ.

ನಾನು ನಮ್ಮ ತಾಲ್ಲೂಕಿನದೇ ಆದ ಅರಸೀಕೆರೆಯ ಸಂತೆಗೆ ಕಾಲೇಜಿನ ಗ್ಲೋಬನ್ನು ಹೊತ್ತುಕೊಂಡು ಹೋಗುತ್ತಿದ್ದೆ. ಜನ ಸೇರಲಿ ಅಂತ. ಜನವೇನೋ ಸೇರಿದರು. ಮೆಣಸಿನಕಾಯಿ ಮಾರುತ್ತಿದ್ದ ಒಬ್ಬ ಗ್ಲೋಬನ್ನು ಎರಡು ಸುತ್ತು ತಿರುಗಿಸಿ, "ಇದರಾಗ ನಮ್ಮ ನೀಲಗುಂದ ಎಲ್ಲೈತ್ರಿ?" ಅಂದ.

"ಇಷ್ಟು ಸಣ್ಣದರಾಗ ಕಾಣಂಗಿಲ್ಲಪ್ಪ," ಅಂದೆ.

"ಮತ್ತ, ನಮ್ಮೂರು ಇಲ್ಲದ ಭೂಮಿ ತಗಂಡು ನನ್ನ ಮಗ ಏನ್ ಮಾಡ್ಬೇಕ್ರಿ?"

ಸಂತೆಯೇ ನಕ್ಕಿತು. ನನಗೆ ಉರಿದುಹೋಯಿತು. ಕೊಟ್ರೇಶ ಮಾತ್ರ ಆ ಮೆಣಸಿನಕಾಯಿ ಮೂಟೆಯ ಮೇಲೆಯೇ ಆರಾಮಾಗಿ ಕೂತ. ಅವನ ಹತ್ತಿರ ಗ್ಲೋಬೂ ಇಲ್ಲ, ಏನೂ ಇಲ್ಲ. "ಯಜಮಾನ್ರ, ಮಗ ಓದಿ ಏನಾಗ್ಬೇಕು?" ಅಂತ ಕೇಳಿದ.

"ನೌಕರಿ ಹಿಡೀಬೇಕು."

"ಆಮ್ಯಾಲ?"

"ಮದುವಿ ಆಗ್ಬೇಕು, ಮನಿ ಕಟ್ಟಿಸ್ಬೇಕು."

"ಆಮ್ಯಾಲ?"

"ಆಮ್ಯಾಲ ಏನ್ರಿ, ಅವನ ಮಕ್ಕಳನ್ನ ಓದಸ್ಬೇಕು... ಏ, ಏಳ್ರಿ ಮ್ಯಾಲ, ಮೂಟಿ ಒಡೀತೈತಿ!"

ಅಪ್ಪ ಬೈದು ಎಬ್ಬಿಸಿದ. ಆದರೆ ಪಕ್ಕದಲ್ಲೇ ತಕ್ಕಡಿ ಹಿಡಿದು ಕೂತಿದ್ದ ಮಗ ಸ್ಕೂಟರಿನ ತನಕ ಹಿಂದೆಯೇ ಬಂದು, "ಸರ್, ಆಮ್ಯಾಲ ಅಂದ್ರ ಏನ್ ಹೇಳ್ಬೇಕಿತ್ತು?" ಅಂತ ಕೇಳಿದ. ಆ ವರ್ಷ ಅವನು ತತ್ವಶಾಸ್ತ್ರ ತಗೊಂಡ. ಗ್ಲೋಬ್ ಹೊತ್ತವನು ನಾನು, ಹುಡುಗ ಅವನಿಗೆ! ವಾರಗಟ್ಟಲೆ ನಾನು ಕೊಟ್ರೇಶನ ಜೊತೆ ಮಾತಾಡಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದ ಹಾಗೆ ಕಾಲ ಬಿಗಿಯಾಯಿತು. ಎಲ್ಲ ಕಡೆ ಕಂಪ್ಯೂಟರು, ಬಿಬಿಎಂ. ನಾನು ಅದರ ವಿರೋಧಿಯಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಅದರ ಜೊತೆಗೆ ಒಂದು ಹೊಸ ಮಾತು ಬಂತು: ಕಡಿಮೆ ಹುಡುಗರಿರುವ ವಿಷಯಗಳಿಗೆ ಅನುದಾನ ನಿಲ್ಲಿಸುವುದು. ಪ್ರಿನ್ಸಿಪಾಲ್ ರುದ್ರಪ್ಪನವರು ಒಂದು ಬೆಳಿಗ್ಗೆ ನಮ್ಮಿಬ್ಬರನ್ನೂ ಕರೆಸಿದರು. ಒಳ್ಳೆಯ ಮನುಷ್ಯ, ಆದರೆ ಯಾವ ಕೆಟ್ಟ ಸುದ್ದಿಯನ್ನೂ ಚಹಾ ತರಿಸದೆ ಹೇಳುತ್ತಿರಲಿಲ್ಲ. ಚಹಾ ಬಂದ ಕೂಡಲೇ ನನಗೆ ಗೊತ್ತಾಯಿತು.

"ನೋಡ್ರಪ್ಪ, ಸಮಿತಿ ಬರ್ತೈತಿ. ನಿಮ್ಮ ಎರಡು ವಿಷಯದಾಗ ಒಂದನ್ನ ಉಳಸ್ತಾರಂತ, ಇನ್ನೊಂದನ್ನ ಮುಚ್ತಾರಂತ. ಯಾವುದು ಉಳೀಬೇಕು ಅಂತ ನನ್ನ ಕೇಳಬ್ಯಾಡ್ರಿ. ನಾನು ವಾಣಿಜ್ಯದವ, ನನಗ ಎರಡೂ ತಿಳಿಯಂಗಿಲ್ಲ."

ಹೊರಗೆ ಬಂದೆವು. ಕೊಟ್ರೇಶ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಮುಚ್ಚಿದ ವಿಷಯದ ಮೇಷ್ಟ್ರನ್ನು ಇನ್ನೊಂದೂರಿಗೆ ಎತ್ತಿ ಹಾಕುತ್ತಾರೆ, ಅದು ಹೋಗಲಿ. ಆದರೆ ಮುಚ್ಚಿದ ವಿಷಯ ಆ ಕಾಲೇಜಿನಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ಸೀಮೆಯ ಮಕ್ಕಳಿಗೆ ಅಂಥದ್ದೊಂದು ಇದೆ ಅಂತಲೂ ಗೊತ್ತಾಗುವುದಿಲ್ಲ.

ಅದೇ ಬೇಸಿಗೆ ನಮ್ಮ ಸರ್ವೆ ಶಿಬಿರ ನಡೆಯಿತು. ಭೂಗೋಳದ ಹುಡುಗರು ವರ್ಷಕ್ಕೊಮ್ಮೆ ಯಾವುದಾದರೂ ಹಳ್ಳಿಗೆ ಹೋಗಿ, ಸರಪಳಿ ಎಳೆದು, ಮೂರು ಕಾಲಿನ ಹಲಗೆಯ ಮೇಲೆ ಹಾಳೆ ಅಂಟಿಸಿ ನಕ್ಷೆ ಬರೆಯಬೇಕು. ಈಗ ನಿಮಗೆ ಆಕಾಶದಿಂದಲೇ ಊರೆಲ್ಲ ಪರದೆ ಮೇಲೆ ಬಂದುಬಿಡುತ್ತದೆ, ಬೆರಳಿನಿಂದ ಎಳೆದರೆ ಮನೆ ಮುಂದಿನ ಬೇವಿನ ಮರವೂ ಕಾಣುತ್ತದೆ. ನನಗೂ ಅದು ಬಹಳ ಇಷ್ಟ, ಮೊದಲ ಸಲ ನೋಡಿದಾಗ ಕುಣಿದುಬಿಟ್ಟಿದ್ದೆ. ಆದರೆ ಅದಕ್ಕೆ ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ನಮ್ಮ ಕಾಲದಲ್ಲಿ ಒಂದು ಕೋಲು ನೆಡಬೇಕಾದರೆ ಆ ನೆಲದವರ ಮುಖ ನೋಡಲೇಬೇಕಿತ್ತು.

ಶಿಬಿರಕ್ಕೆ ಇಬ್ಬರು ಮೇಷ್ಟ್ರು ಬೇಕು ಅಂತ ನಿಯಮ. ಶಾಲೆಯ ಕಟ್ಟೆಯ ಮೇಲೆ ಮಲಗಲು ಬೇರೆ ಯಾರೂ ಒಪ್ಪದೆ ಕೊಟ್ರೇಶನೇ ಬಂದ. ಬಂದದ್ದು ಗುರೆಳ್ಳು ಚಟ್ನಿ ಮತ್ತು ಬಿಸಿ ರೊಟ್ಟಿಯ ಆಸೆಗೆ, ಅದನ್ನು ಅವನೂ ಮುಚ್ಚಿಡಲಿಲ್ಲ. ನಾವು ಆರಿಸಿಕೊಂಡದ್ದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಿನ್ನೀರಿನ ಅಂಚಿನ ಒಂದು ಹಳ್ಳಿ. ಹಳೆಯ ಊರು ಅಣೆಕಟ್ಟು ಕಟ್ಟಿದಾಗ ಮುಳುಗಿತ್ತು. ಜನ ದಿಬ್ಬದ ಮೇಲೆ ಬಂದು ಹೊಸ ಊರು ಕಟ್ಟಿಕೊಂಡಿದ್ದರು. ನೆಲ ಸಮತಟ್ಟಾಗಿದೆ, ಸರಪಳಿ ಎಳೆಯಲು ಸಲೀಸು ಅಂತ ನಾನು ಲೆಕ್ಕ ಹಾಕಿದ್ದೆ. ಅಷ್ಟೇ ನನ್ನ ಯೋಚನೆ.

ಬೆಳಿಗ್ಗೆ ಹುಡುಗರು ಉತ್ಸಾಹದಿಂದ ಕೆಂಪು ಬಿಳಿ ಪಟ್ಟಿಯ ಕೋಲುಗಳನ್ನು ಊರ ಸುತ್ತ ನೆಟ್ಟರು. ನಾನು ಹಲಗೆ ಮಟ್ಟ ಮಾಡುತ್ತಿದ್ದೆ. ತಲೆ ಎತ್ತಿ ನೋಡುತ್ತೇನೆ, ಒಂದೂ ಕೋಲಿಲ್ಲ! ಹೆಂಗಸರು ಗಂಡಸರು ಎಲ್ಲ ಕಿತ್ತು ಕೈಯಲ್ಲಿ ಹಿಡಿದು ನಮ್ಮ ಕಡೆಗೇ ಬರುತ್ತಿದ್ದರು. ಮುಂದೆ ಇದ್ದವಳು ಗೌರವ್ವ ಅಂತ, ತಲೆ ಬೆಳ್ಳಗಾದ ಹೆಂಗಸು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಎರಡು ಕೋಲುಗಳನ್ನು ಎತ್ತಿ ಹಿಡಿದಿದ್ದಳು.

"ಯಾರ್ಲೇ ನೀವು? ಮತ್ತ ಬಂದ್ರ್ಯಾ?"

ಹುಡುಗರು ನನ್ನ ಹಿಂದೆ ಸರಿದರು. ಜಗಳ ಬೇಡ ಅಂತ ನಾನು ದೊಡ್ಡದಾಗಿ ನಕ್ಕು, ಕೈ ಮುಗಿದು, "ಅವ್ವಾ, ಹೆದರಬ್ಯಾಡ್ರಿ. ಏನಿಲ್ಲ, ಅಳತಿ ಅಷ್ಟ," ಅಂದೆ.

ಅಯ್ಯೋ, ಆ ಮಾತು ಆಡಬಾರದಿತ್ತು! ಗೌರವ್ವ ಎರಡೂ ಕೋಲುಗಳನ್ನು ನನ್ನ ಮುಂದೆ ನೆಲಕ್ಕೆ ಎಸೆದಳು.

"ಆವಾಗೂ ಹಿಂಗ ಅಂದಿದ್ರು. ನಾ ಹೊಸಾ ಸೊಸಿ, ಬಾಗಲಾಗ ನಿಂತಿದ್ದೆ. ಇಂಥವ ಕೋಲು. ಏನಿಲ್ಲವ್ವ, ಅಳತಿ ಅಷ್ಟ, ಅಂದ್ರು. ಆಮ್ಯಾಲ ನೀರು ಬಂತು."

'ನಾವು ಕಾಲೇಜಿನವರು, ಪರೀಕ್ಷೆಗೆ' ಅಂತ ಏನೇನೋ ಬಡಬಡಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ಕೊಟ್ರೇಶ ಮುಂದೆ ಬಂದು ಗೌರವ್ವನ ಮುಂದೆ ನೆಲದ ಮೇಲೆ ಕೂತ.

"ಅವ್ವಾ, ಆವಾಗ ಅವರಿಗೆ ನೀವು ಏನ್ ಕೇಳಿದ್ರಿ?"

"ಕೇಳೋದಾ? ನಮ್ಮನ್ಯಾರು ಕೇಳಾಕ ಬಿಟ್ರಪ್ಪ? ಅವರಿಗೆ ಇಂಗ್ಲಿಷ್ ಬರ್ತಿತ್ತು, ನಮ್ಮ ಹಿರ್‍ಯಾರಿಗೆ ಸಹಿ ಮಾಡಾಕ ಬರ್ತಿತ್ತು. ಅಷ್ಟರಾಗ ಮುಗೀತು."

"ಈಗ ಕೇಳ್ರಿ. ಅಳೆಯೋನು ಇಲ್ಲೇ ಅದಾನ, ಎಲ್ಲೂ ಓಡಿಹೋಗಂಗಿಲ್ಲ. ಕೇಳ್ರಿ ಅವನ್ನ."

ಗೌರವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಳದ ಮ್ಯಾಲ ಆ ಕಾಗದ ಯಾರ ಮನ್ಯಾಗ ಇರ್ತೈತಿ?"

ಎಂ.ಎ.ಯಲ್ಲಿ ನನಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಿಜ ಹೇಳಿದೆ: ಪರೀಕ್ಷೆ ಮುಗಿದ ಮೇಲೆ ಕಾಲೇಜಿನ ಬೀರುವಿನಲ್ಲಿ ಇರುತ್ತದೆ, ಗೆದ್ದಲು ಹಿಡಿಯುತ್ತದೆ.

"ಹಂಗಾರ ಅಳೀಬ್ಯಾಡ್ರಿ," ಅಂದಳು.

"ನಿಮ್ಮನ್ಯಾಗ ಇಡೋದಾದ್ರ?" ಅಂದ ಕೊಟ್ರೇಶ. "ಆವಾಗ ಏನ್ ಅಳತಿ ಮಾಡಸ್ತೀರಿ?"

ಆಕೆ ಹಿಂದಕ್ಕೆ ತಿರುಗಿ ನೀರಿನ ಕಡೆ ನೋಡಿದಳು. ಬೇಸಿಗೆಯಾದ್ದರಿಂದ ಹಿನ್ನೀರು ದೂರ ಸರಿದಿತ್ತು. ಬಿರುಕು ಬಿಟ್ಟ ಕೆಸರಿನ ನಡುವೆ ಸಾಲು ಸಾಲು ಕಲ್ಲುಗಳು, ಮುರಿದ ಗೋಡೆಗಳ ಬುಡಗಳು ಕಾಣುತ್ತಿದ್ದವು. "ನಮ್ಮ ಊರು," ಅಂದಳು.

ಹುಡುಗರೇ, ನನ್ನ ವೃತ್ತಿಯಲ್ಲಿ ಅಂಥ ದಿನಗಳು ಮತ್ತೆ ಬರಲಿಲ್ಲ! ಇಡೀ ಊರೇ ಆ ಕೆಸರಿಗೆ ಇಳಿಯಿತು. ಕಿತ್ತ ಕೋಲುಗಳನ್ನು ಅವರೇ ಹೊತ್ತು ತಂದು ನೆಟ್ಟರು. ಇದು ಕುಂಬಾರ ಓಣಿ, ಇದು ಹುಣಸೆ ಮರದ ಕಟ್ಟೆ, ಇಲ್ಲಿ ನಮ್ಮಪ್ಪ ಕುರಿ ಕೂಡಿ ಹಾಕುತ್ತಿದ್ದ, ಇಲ್ಲಿ ನಾನು ಹುಟ್ಟಿದ್ದು! ಇಬ್ಬರು ಅಣ್ಣತಮ್ಮಂದಿರು ವರ್ಷದ ಮುಕ್ಕಾಲು ಭಾಗ ನೀರೊಳಗಿರುವ ಒಂದು ಗೋಡೆ ನಂದು ನಂದು ಅಂತ ಕೈ ಕೈ ಮಿಲಾಯಿಸುವ ತನಕ ಹೋದರು. ನಮ್ಮ ಹುಡುಗರು ಅಳೆದು ಗೋಡೆ ನಟ್ಟ ನಡುವೆ ಇದೆ ಅಂತ ತೋರಿಸಿದರೂ ಇಬ್ಬರೂ ಒಪ್ಪಲಿಲ್ಲ. ಗೌರವ್ವ ತನ್ನ ಮನೆಯ ಹೊಸ್ತಿಲ ಕಲ್ಲನ್ನು ಹುಡುಕಿ ಅದರ ಮೇಲೆ ನಿಂತಳು, ಯಾರು ಕರೆದರೂ ಬಹಳ ಹೊತ್ತು ಇಳಿಯಲಿಲ್ಲ. ನಾನು ಕಣ್ಣೊರೆಸಿಕೊಂಡೆ, ನಾಚಿಕೆ ಏನಿಲ್ಲ.

ಆಕೆಯ ಮೊಮ್ಮಗಳು ರೇಣುಕಾ ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ಸರಪಳಿಯ ಒಂದು ತುದಿ ಹಿಡಿಯಲು ನಾನು ಕರೆದೆ, ಹಿಡಿದಳು. ಆದರೆ ಅವಳ ಕಿವಿಯೆಲ್ಲ ಕೊಟ್ರೇಶನ ಕಡೆಗೆ. "ಸರ್, ಊರು ಬಿಡ್ರಿ ಅಂತ ಹೇಳಾಕ ಅವರಿಗೆ ಹಕ್ಕು ಕೊಟ್ಟಾರ್ಯಾರು?" ಅಂತ ಶುರು ಮಾಡಿದಳು. ಅವನೋ ಉತ್ತರ ಕೊಡುವ ಬದಲು ಇನ್ನೊಂದು ಪ್ರಶ್ನೆ ಕೇಳುತ್ತಿದ್ದ, ಅವಳು ರೇಗುತ್ತಿದ್ದಳು, ಮತ್ತೆ ಬಂದು ಕೇಳುತ್ತಿದ್ದಳು. ಸರಪಳಿ ಮೂರು ಸಲ ಕೈ ಜಾರಿ ನನ್ನ ಅಳತೆ ಕೆಟ್ಟಿತು.

ನಕ್ಷೆ ಮುಗಿಯಿತು. ಒಂದು ಪ್ರತಿಗೆ ಕೊಟ್ಟೂರಿನಲ್ಲಿ ಗಾಜು ಹಾಕಿಸಿ ಗೌರವ್ವನ ಮನೆಗೆ ಕೊಟ್ಟೆವು. ಇನ್ನೊಂದನ್ನು ನಾನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಬರಲಿ ಆ ಸಮಿತಿ ಅಂತ ಕಾದೆ. ಕೊಟ್ರೇಶ ಮಾತ್ರ ಎಚ್ಚರಿಸಿದ. "ಲೇ ಭೂಗೋಳ, ಉಪಯೋಗ ಉಪಯೋಗ ಅಂತ ಮಾತ್ರ ಶುರು ಮಾಡಬ್ಯಾಡ. ನಿನಗಿಂತ ಉಪಯೋಗದವನು ಬಾಗಲಾಗ ಕಾಯ್ತಿರ್ತಾನ."

ನಾನು ಕೇಳುವವನೇ? ಸಮಿತಿಯ ಅಧ್ಯಕ್ಷರು ಬೆಂಗಳೂರಿನ ಹಿರಿಯ ಪ್ರಾಧ್ಯಾಪಕರು, ಮೃದು ಮಾತಿನವರು. ಮೇಜಿನ ಮೇಲೆ ನಕ್ಷೆ ಬಿಚ್ಚಿದೆ. ಎಲ್ಲರೂ ಬಗ್ಗಿ ನೋಡಿದರು. "ಸೊಗಸಾಗಿದೆ. ಈ ವಿಷಯದಿಂದ ಏನು ಪ್ರಯೋಜನ, ಹೇಳಿ," ಅಂದರು. ನಾನು ಕಟ್ಟೆ ಒಡೆದ ಹಾಗೆ ಹೇಳಿದೆ. ಅಂತರ್ಜಲ ಅಂದೆ, ರಸ್ತೆ ಅಂದೆ, ಬರ ನಿರ್ವಹಣೆ ಅಂದೆ, ಸರ್ವೆ ಇಲಾಖೆಯ ನೌಕರಿ ಅಂದೆ. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡು, "ಇದನ್ನೆಲ್ಲ ಪಾಲಿಟೆಕ್ನಿಕ್‌ನಲ್ಲಿ ಇನ್ನೂ ಚೆನ್ನಾಗಿ ಕಲಿಸುತ್ತಾರಲ್ಲವೇ?" ಅಂದರು.

ಮುಗಿಯಿತು, ಭೂಗೋಳ ಹೋಯಿತು ಅನ್ನಿಸಿತು. ರುದ್ರಪ್ಪನವರು ಚಹಾ ತರಲು ಸನ್ನೆ ಮಾಡಿದರು.

ಮುಂದಿನ ಸರದಿ ಕೊಟ್ರೇಶನದು. ಅವನು ತನ್ನ ಶಾಸ್ತ್ರದ ಪರ ಮಾತಾಡಬೇಕಿತ್ತು. ಎದ್ದು ನಿಂತು ಆ ನಕ್ಷೆಯ ಮೇಲೆ ಕೈಯಿಟ್ಟ.

"ಸರ್, ಈ ಊರು ಮುಳುಗಿಸಾಕ ಅಳದವರೂ ಸರಕಾರದ ದುಡ್ಡಿನಾಗ ಓದಿದವರೇ. ಅವರ ಅಳತಿ ತಪ್ಪಿರಲಿಲ್ಲ, ನೀರು ಅವರು ಹೇಳಿದಲ್ಲಿಗೇ ಬಂದು ನಿಂತೈತಿ. ಈ ಊರಿನ ಹೆಣ್ಣುಮಗಳು ಕೇಳೋದು ಒಂದೇ: ಅಳದ ಕಾಗದ ಯಾರ ಮನ್ಯಾಗ ಇರ್ತೈತಿ ಅಂತ. ಪಾಲಿಟೆಕ್ನಿಕ್ಕಿನವರು ಅಳೀತಾರ, ಖರೆ. ಆದರ ಅಳತಿ ಮಾಡಿಸಿಕೊಳ್ಳೋರ ಮಕ್ಕಳು ಆ ಕಾಗದ ಓದಾಕ ಎಲ್ಲಿ ಕಲೀಬೇಕು? ಅದಕ್ಕ ಭೂಗೋಳ ಬೇಕು, ಅದೂ ಇಂಥ ಊರಾಗ ಬೇಕು. ಲಾಭ ಇರೋ ವಿಷಯಕ್ಕ ಅಂಗಡಿ ತೆರೆಯೋರು ಬೇಕಾದಷ್ಟು ಮಂದಿ ಅದಾರ, ಇದಕ್ಕ ಯಾರೂ ತೆರೆಯಂಗಿಲ್ಲ. ಎಲ್ಲರಿಗೂ ಬೇಕಾಗಿ ಯಾರೂ ಮಾರದ್ದು ಯಾವುದೋ, ಅದಕ್ಕ ಸರಕಾರ ಕೊಡಬೇಕ್ರಿ."

ಅಧ್ಯಕ್ಷರು ಕನ್ನಡಕ ತೆಗೆದರು. "ನಿಮ್ಮ ತತ್ವಶಾಸ್ತ್ರದ ಬಗ್ಗೆ ಏನೂ ಹೇಳಲಿಲ್ಲವಲ್ಲ?"

"ಇಷ್ಟೊತ್ತು ಹೇಳಿದ್ದು ಅದನ್ನೇ ಸರ್," ಅಂದು ಕೂತುಬಿಟ್ಟ.

ನಾನು ಎದ್ದು, ಎರಡೂ ಉಳಿಯಬೇಕು, ಇವನಿಲ್ಲದಿದ್ದರೆ ಈ ನಕ್ಷೆಯೇ ಇಲ್ಲ, ಕೋಲು ಕಿತ್ತು ನಮ್ಮನ್ನು ಅಟ್ಟುತ್ತಿದ್ದರು ಅಂತ ಕೂಗಾಡಿದೆ. ರುದ್ರಪ್ಪನವರು ನನ್ನ ಅಂಗಿ ಹಿಡಿದು ಕೂರಿಸಿದರು.

ಆದೇಶ ಜೂನ್‌ನಲ್ಲಿ ಬಂತು. ಭೂಗೋಳದಿಂದ ಪ್ರಯೋಜನ ಇದೆ, ಮುಂದುವರಿಸುವುದು. ತತ್ವಶಾಸ್ತ್ರದಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡಿಲ್ಲ, ನಿಲ್ಲಿಸುವುದು, ಉಪನ್ಯಾಸಕರನ್ನು ಹಡಗಲಿಯ ಕಾಲೇಜಿಗೆ ಕಳಿಸುವುದು. ನಾನು ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿದೆ. ಕೊಟ್ರೇಶ ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಪ್ರಯೋಜನ ಕಂಡಿಲ್ಲಂತ ನೋಡಲೇ! ಮತ್ತ ನಿನ್ನ ಭೂಗೋಳ ಉಳಿಸಿದ್ದು ಯಾವುದಂತ?" ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು, ಆ ನೀರು ಪೂರ್ತಿ ನಗುವಿನದೇ ಅಂತ ನಾನು ಹೇಳಲಾರೆ. ಮರುದಿನ ಪುಸ್ತಕಗಳ ಟ್ರಂಕು ಬಸ್ಸಿನ ಮೇಲೆ ಹಾಕಿಸಿ ಹೋದ.

ಅವನು ಹೋದ ವಾರದಲ್ಲೇ ಪ್ರವೇಶ ಶುರುವಾಯಿತು. ನಾನು ಒಬ್ಬನೇ ಕೂತಿದ್ದೆ. ಬಾಗಿಲಲ್ಲಿ ಗೌರವ್ವ, ಹಿಂದೆ ರೇಣುಕಾ. ನನಗೋ ಖುಷಿಯೋ ಖುಷಿ! ಭೂಗೋಳಕ್ಕೆ ಆ ವರ್ಷದ ಮೊದಲ ತಲೆ, ಅದೂ ನಾನು ಹುಡುಕಿಕೊಂಡು ಹೋಗದೆ ತಾನಾಗಿ ಬಂದದ್ದು! "ಬರ್‍ರಿ ಬರ್‍ರಿ, ಕೂಡ್ರಿ," ಅಂತ ಅರ್ಜಿ ತೆಗೆದೆ.

ಗೌರವ್ವ ಕೂರಲಿಲ್ಲ, ಆಚೀಚೆ ನೋಡಿದಳು. "ಆ ಇನ್ನೊಬ್ಬ ಮೇಷ್ಟ್ರು ಎಲ್ಲ್ಯದಾನ? ನೆಲದ ಮ್ಯಾಲ ಕುಂತಿದ್ನಲ್ಲ, ಆತ. ಇಕಿಗೆ ಅವನ ಪಾಠ ಬೇಕಂತ."

"ಆ ಪಾಠ ಇಲ್ಲಿ ನಿಲ್ಲಿಸ್ಯಾರವ್ವ. ಅವನು ಹಡಗಲಿಗೆ ಹೋಗ್ಯಾನ."

ರೇಣುಕಾಳ ಮುಖ ಸಣ್ಣದಾಯಿತು. ಭೂಗೋಳ ತಗೊಳ್ಳಮ್ಮ ಅನ್ನುವುದು ನನ್ನ ನಾಲಿಗೆ ತುದಿಯಲ್ಲೇ ಇತ್ತು. ಅವಳು ಒಪ್ಪಿಬಿಡುತ್ತಿದ್ದಳು ಕೂಡ. ನನಗೆ ಒಂದೊಂದು ತಲೆಯೂ ಬೇಕಾಗಿತ್ತು, ಮುಂದಿನ ಸಮಿತಿ ಬಂದರೆ ಕೊಟ್ರೇಶನೂ ಇರುತ್ತಿರಲಿಲ್ಲ. ಆದರೆ ಆ ಹುಡುಗಿಯ ಮುಖ ನೋಡಿ ನನ್ನ ಬಾಯಿಂದ ಬಂದದ್ದೇ ಬೇರೆ. "ಏಳ್ರಿ, ಹಡಗಲಿ ಬಸ್ಸು ಈಗ ಐತಿ. ನಾನೂ ಬರ್ತೀನಿ."

ರೇಣುಕಾ ಹಡಗಲಿಯಲ್ಲಿ ತನ್ನ ಚಿಕ್ಕಮ್ಮನ ಮನೆ ಇದೆ ಅಂದಳು. ಬಸ್ಸಿನಲ್ಲಿ ಗೌರವ್ವ ಕಿಟಕಿ ಪಕ್ಕ ಕೂತಳು, ರೇಣುಕಾ ದಾರಿಯುದ್ದಕ್ಕೂ ನನ್ನನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡಿದಳು. ಹಡಗಲಿಯ ಕಾಲೇಜಿನಲ್ಲಿ ಕೊಟ್ರೇಶ ನಮ್ಮನ್ನು ನೋಡಿ ಅಂಗಳದಲ್ಲೇ ನಿಂತುಬಿಟ್ಟ. ಕಚೇರಿಯ ಗುಮಾಸ್ತರು ನನ್ನನ್ನು ಗುರುತಿಸಿದರು. ಭೂಗೋಳದವನು ತತ್ವಶಾಸ್ತ್ರಕ್ಕೆ ವಿದ್ಯಾರ್ಥಿ ಕರೆತಂದದ್ದು ಅವರಿಗೆ ವಿಚಿತ್ರವಾಗಿ ಕಂಡಿತು. ಅರ್ಜಿ ನೋಡಿ ಗೌರವ್ವನ ಕಡೆ ತಿರುಗಿದರು.

"ಅವ್ವಾ, ಮೊಮ್ಮಗಳಿಗೆ ಉಪಯೋಗ ಆಗೋ ಅಂಥದ್ದು ಕೊಡಿಸಬಾರದೇನು? ಈ ಮೇಷ್ಟ್ರ ಹತ್ರ ಅಳೆಯೋದು ಕಲ್ತಿದ್ರ ನೌಕರಿನಾದ್ರೂ ಸಿಗ್ತಿತ್ತು."

ಗೌರವ್ವ ಸೆರಗು ಸರಿ ಮಾಡಿಕೊಂಡಳು. "ನಮ್ಮೂರನ್ನ ಅಳದೋರು ಭಾಳ ಮಂದಿ ಆದ್ರಪ್ಪ," ಅಂದಳು. "ಕೇಳಾಕ ಒಬ್ಬಾಕಿ ಇರ್ಲಿ."